ಸುಲಭದ ಸೇಬಿನ ಕೇಕು

ಅಡುಗೆ ಪುಸ್ತಕಗಳನ್ನು ಓದುವಾಗ ನನಗೆ ಸದಾ ಅನುಮಾನ ಹುಟ್ಟಿಸುವ ಶಬ್ದವೊಂದಿದೆ. ಅದು ‘ಸುಲಭ’. ಸುಲಭದ ಒಬ್ಬಟ್ಟು, ಸುಲಭದ ಮೈಸೂರುಪಾಕು, ಹದಿನೈದೇ ನಿಮಿಷದಲ್ಲಿ ಬಿಸಿಬೇಳೆಭಾತು! ಬೇಳೆ ಆರಿಸಿದ, ಕಾಯಿ ತುರಿದ, ಕೊನೆಗೆ ಪಾತ್ರೆ ತೊಳೆದಿಟ್ಟ ಹೊತ್ತನ್ನು ಬರೆದವರು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಹುಟ್ಟಿದ್ದು ಕುಂಬಾರನ ಅಂಗಳದಲ್ಲಾದರೂ ಅದರ ಅರ್ಥ ಚೆನ್ನಾಗಿ ಗೊತ್ತಿರುವುದು ಒಲೆಯ ಮುಂದೆ ನಿಂತವರಿಗೆ.

ಇಷ್ಟಾದರೂ ಸೇಬಿನ ಕೇಕಿನ ಮಟ್ಟಿಗೆ ಆ ಮಾತನ್ನು ನಾನು ಒಪ್ಪುತ್ತೇನೆ. ನಮ್ಮ ಮನೆಯಲ್ಲಿ ಅದನ್ನು ಮಾಡುವ ಬಗೆ ಇಷ್ಟು: ಎರಡು ದೊಡ್ಡ ಸೇಬಿನ ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಕಪ್ಪಾಗದಂತೆ ಅರ್ಧ ನಿಂಬೆಹಣ್ಣಿನ ರಸ ಹಿಂಡಿಡುವುದು. ಒಂದೂವರೆ ಕಪ್ಪು ಮೈದಾ ಹಿಟ್ಟಿಗೆ ಒಂದೂವರೆ ಚಹಾ ಚಮಚ ಬೇಕಿಂಗ್ ಪೌಡರು, ಅರ್ಧ ಚಮಚ ಚಕ್ಕೆಯ ಪುಡಿ, ಚಿಟಿಕೆ ಉಪ್ಪು ಸೇರಿಸಿ ಎರಡು ಸಲ ಜರಡಿ ಹಿಡಿಯುವುದು. ಬೇರೆ ಪಾತ್ರೆಯಲ್ಲಿ ಎರಡು ಮೊಟ್ಟೆ, ಮುಕ್ಕಾಲು ಕಪ್ಪು ಸಕ್ಕರೆ, ಅರ್ಧ ಕಪ್ಪು ವಾಸನೆಯಿಲ್ಲದ ಎಣ್ಣೆ ಹಾಕಿ ಎರಡು ನಿಮಿಷ ಕದಡುವುದು. ಅದಕ್ಕೆ ಹಿಟ್ಟು ಸೇರಿಸಿ, ಹೆಚ್ಚು ಕಲಸದೆ ಸೇಬನ್ನು ಬೆರೆಸಿ, ಎಣ್ಣೆ ಸವರಿ ಹಿಟ್ಟುದುರಿಸಿದ ಪಾತ್ರೆಗೆ ಸುರಿದು, 180 ಡಿಗ್ರಿ ಶಾಖದಲ್ಲಿ ನಲವತ್ತರಿಂದ ನಲವತ್ತೈದು ನಿಮಿಷ ಬೇಯಿಸುವುದು. ಕಡ್ಡಿ ಚುಚ್ಚಿ ತೆಗೆದರೆ ಹಸಿ ಹಿಟ್ಟು ಅಂಟಿರಬಾರದು. ಮೊಟ್ಟೆ ಬೇಡವೆನ್ನುವವರು ಅದರ ಬದಲಿಗೆ ಮುಕ್ಕಾಲು ಕಪ್ಪು ಹುಳಿ ಮೊಸರು ಮತ್ತು ಅರ್ಧ ಚಮಚ ಅಡುಗೆ ಸೋಡ ಹಾಕಿಕೊಳ್ಳಬಹುದು. ಅಷ್ಟೇ.

ಕೈಕೆಲಸ ಹೆಚ್ಚೆಂದರೆ ಇಪ್ಪತ್ತು ನಿಮಿಷದ್ದು. ಆದರೆ ಈ ಇಪ್ಪತ್ತು ನಿಮಿಷ ಎಲ್ಲಿಂದ ಬಂತು ಎಂದು ಹಳೆಯ ಪುಸ್ತಕಗಳಲ್ಲಿ ಹುಡುಕುತ್ತ ಹೋದಂತೆ ನನಗೆ ಸಿಕ್ಕಿದ್ದು ಸುಮಾರು ಇನ್ನೂರೆಪ್ಪತ್ತೈದು ವರ್ಷಗಳ ಕತೆ. ಅದರಲ್ಲಿ ರಾಜರಿಲ್ಲ, ಯುದ್ಧ ಗೆದ್ದವರಿಲ್ಲ. ಮೊಟ್ಟೆ ಕಡೆದವರು, ಬೂದಿ ಸೋಸಿದವರು, ಚಮಚ ಅಳೆದವರು, ಬೀಜ ಹುಗಿದವರು ಇದ್ದಾರೆ. ಹೆಚ್ಚಿನವರು ಹೆಂಗಸರು. ಅವರಲ್ಲಿ ಕೆಲವರ ಹೆಸರು ಉಳಿದಿದೆ, ಕೆಲವರದು ಬೇರೆಯವರ ಪಾಲಾಗಿದೆ.

ಮೊದಲು ಆ ‘ಎರಡು ನಿಮಿಷ ಕದಡುವುದು’ ಎಂಬುದನ್ನೇ ನೋಡಿ. 1747ರಲ್ಲಿ ಲಂಡನ್ನಿನಲ್ಲಿ ‘ದಿ ಆರ್ಟ್ ಆಫ್ ಕುಕರಿ ಮೇಡ್ ಪ್ಲೇನ್ ಅಂಡ್ ಈಸಿ’ ಎಂಬ ಪುಸ್ತಕ ಪ್ರಕಟವಾಯಿತು. ಹೆಸರಿನಲ್ಲೇ ‘ಈಸಿ’ ಇದೆ, ಗಮನಿಸಿ! ಮನೆಗೆಲಸದ ಹುಡುಗಿಯರಿಗೂ ತಿಳಿಯಲೆಂದು ಬರೆದ ಪುಸ್ತಕವದು. ಅದರಲ್ಲಿ ಹೇಳಿರುವ ಪೌಂಡ್ ಕೇಕಿಗೆ ಬೆಣ್ಣೆ, ಸಕ್ಕರೆ, ಹಿಟ್ಟು ಮೂರೂ ಒಂದೊಂದು ಪೌಂಡು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 450 ಗ್ರಾಂ. ಮೊಟ್ಟೆ ಹನ್ನೆರಡು, ಬಿಳಿಯ ಭಾಗ ಮಾತ್ರ ಅರ್ಧದಷ್ಟು. ಬೆಣ್ಣೆಯನ್ನು ಮಣ್ಣಿನ ಪಾತ್ರೆಯಲ್ಲಿ ಒಂದೇ ಕಡೆಗೆ ತಿರುವಿ ಕೆನೆಯಂತೆ ಮಾಡಬೇಕು. ಎಲ್ಲ ಸೇರಿಸಿದ ಮೇಲೆ ಕೈಯಿಂದಲೋ ದೊಡ್ಡ ಮರದ ಸೌಟಿನಿಂದಲೋ ಒಂದು ಗಂಟೆ ಕಾಲ ಬಡಿಯಬೇಕು. ಒಂದು ಗಂಟೆ! ಆಗ ಬೇಕಿಂಗ್ ಪೌಡರು ಇರಲಿಲ್ಲ. ಕೇಕು ಉಬ್ಬಬೇಕಾದರೆ ಅದರೊಳಗೆ ಗಾಳಿ ಸೇರಬೇಕು, ಆ ಗಾಳಿಯನ್ನು ತೋಳಿನ ಬಲದಿಂದಲೇ ತುಂಬಬೇಕು. ಒರಳುಕಲ್ಲಿನಲ್ಲಿ ಉದ್ದಿನಬೇಳೆ ರುಬ್ಬಿ, ಹಿಟ್ಟು ಉಬ್ಬಿತೇ ಎಂದು ನೀರಿಗೆ ಒಂದು ಹನಿ ಬಿಟ್ಟು ನೋಡಿದವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಪುಸ್ತಕದ ಮೇಲೆ ಬರೆದವರ ಹೆಸರಿರಲಿಲ್ಲ. ‘ಒಬ್ಬ ಮಹಿಳೆಯಿಂದ’ ಎಂದಷ್ಟೇ ಇತ್ತು. ಬರೆದಾಕೆ ಹ್ಯಾನಾ ಗ್ಲಾಸ್. ಪುಸ್ತಕ ಮುದ್ರಣದ ಮೇಲೆ ಮುದ್ರಣ ಕಂಡಿತು. ಆಕೆ ಮಾತ್ರ ಸಾಲದಲ್ಲಿ ಮುಳುಗಿ 1754ರಲ್ಲಿ ಅದರ ಹಕ್ಕನ್ನೇ ಮಾರಬೇಕಾಯಿತು. 1757ರಲ್ಲಿ ಸಾಲಗಾರರ ಜೈಲನ್ನೂ ಕಂಡಳು. ಇತ್ತ ಜನರ ಬಾಯಲ್ಲಿ, ಅಷ್ಟು ಒಳ್ಳೆಯ ಪುಸ್ತಕವನ್ನು ಬರೆದವನು ಡಾ. ಜಾನ್ ಹಿಲ್ ಎಂಬ ಗಂಡಸು ಎಂಬ ಮಾತು ಹಬ್ಬಿತು. 1778ರಲ್ಲಿ ಒಂದು ಊಟದ ಕೂಟದಲ್ಲಿ ಈ ವಿಷಯ ಬಂದಾಗ ಮಹಾಪಂಡಿತ ಡಾ. ಜಾನ್ಸನ್ ಹಿಲ್ಲನ ಬಗ್ಗೆ ಸಂಶಯ ತೋರಿದ, ನಿಜ. ಆದರೆ ಹೆಂಗಸರು ನೂಲು ತೆಗೆಯಬಲ್ಲರೇ ಹೊರತು ಒಳ್ಳೆಯ ಅಡುಗೆ ಪುಸ್ತಕ ಬರೆಯಲಾರರು ಎಂಬರ್ಥದ ಮಾತನ್ನೂ ಆಡಿದನೆಂದು ಅವನ ಚರಿತ್ರೆ ಬರೆದ ಬಾಸ್ವೆಲ್ ದಾಖಲಿಸಿದ್ದಾನೆ. ಪುಸ್ತಕ ಗ್ಲಾಸಳದೇ ಎಂದು ಸಾಧಾರವಾಗಿ ತೋರಿಸಿಕೊಟ್ಟವರು ಇತಿಹಾಸಗಾರ್ತಿ ಮ್ಯಾಡಲಿನ್ ಹೋಪ್ ಡಾಡ್ಸ್, 1938ರಲ್ಲಿ. ಸುಮಾರು ಇನ್ನೂರು ವರ್ಷ ಕಳೆದ ಮೇಲೆ ಒಬ್ಬ ಹೆಣ್ಣಿನ ಹೆಸರನ್ನು ಇನ್ನೊಬ್ಬ ಹೆಣ್ಣು ಹುಡುಕಿಕೊಟ್ಟಳು.

ಒಂದು ಗಂಟೆ ಬಡಿಯುವ ಶಿಕ್ಷೆಯಿಂದ ತೋಳನ್ನು ಬಿಡಿಸಿದ್ದು ಬೂದಿ ಎಂದರೆ ನಂಬುತ್ತೀರಾ? ಅಮೆರಿಕದಲ್ಲಿ ಕಾಡು ಕಡಿದು ಸುಟ್ಟ ಸೌದೆಯ ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ಬತ್ತಿಸಿ ‘ಪರ್ಲ್ ಆಶ್’ ಎಂಬ ಬಿಳಿಯ ಕ್ಷಾರ ತೆಗೆಯುತ್ತಿದ್ದರು. ಅದು ಆ ದೇಶಕ್ಕೆ ಎಷ್ಟು ಮುಖ್ಯವಾಗಿತ್ತೆಂದರೆ, 1790ರ ಜುಲೈ 31ರಂದು ಅಲ್ಲಿ ಕೊಟ್ಟ ಮೊಟ್ಟಮೊದಲ ಪೇಟೆಂಟೇ ಇದನ್ನು ತಯಾರಿಸುವ ಹೊಸ ವಿಧಾನಕ್ಕೆ. ಸ್ವತಃ ಜಾರ್ಜ್ ವಾಷಿಂಗ್ಟನ್ ಸಹಿ ಹಾಕಿದ್ದ. ಆದರೆ ಈ ಕ್ಷಾರವನ್ನು ಹಿಟ್ಟಿಗೆ ಹಾಕಿ ಉಬ್ಬಿಸುವ ಬಗೆಯನ್ನು ಮೊದಲು ಅಚ್ಚಿನಲ್ಲಿ ತಂದದ್ದು 1796ರ ‘ಅಮೆರಿಕನ್ ಕುಕರಿ’ ಎಂಬ ಸಣ್ಣ ಪುಸ್ತಕ. ಬರೆದಾಕೆ ಅಮೀಲಿಯಾ ಸಿಮನ್ಸ್. ತನ್ನ ಹೆಸರಿನ ಜೊತೆ ಆಕೆ ಹಾಕಿಕೊಂಡ ಬಿರುದು ಒಂದೇ: ‘ಅಮೆರಿಕದ ಒಬ್ಬ ಅನಾಥೆ’. ಪುಸ್ತಕ ಸಿದ್ಧಪಡಿಸುವಷ್ಟು ಓದು ತನಗಿಲ್ಲದ್ದರಿಂದ ಬೇರೆಯವರ ಕೈಯಲ್ಲಿ ಬರೆಸಬೇಕಾಯಿತು, ಅವರು ತಮಗೆ ತೋಚಿದ್ದನ್ನೂ ಸೇರಿಸಿಬಿಟ್ಟರು ಎಂದು ಆಕೆ ಪುಸ್ತಕದಲ್ಲೇ ದೂರಿದ್ದಾಳೆ. ಆ ದೂರನ್ನು ಓದಿದಾಗ ನನಗೆ ಆಕೆಯ ಮೇಲೆ ಎಲ್ಲಿಲ್ಲದ ಮಮತೆ ಹುಟ್ಟಿತು.

ಕ್ಷಾರಕ್ಕೆ ಹುಳಿ ಹಾಲು ಸೇರಿದರೆ ನೊರೆಯೇಳುತ್ತದೆ, ಆ ಗಾಳಿಯಿಂದ ಹಿಟ್ಟು ಹಗುರಾಗುತ್ತದೆ. ಇದು ನಮಗೆ ಹೊಸ ವಿಷಯವೇನಲ್ಲ. ಹಪ್ಪಳದ ಹಿಟ್ಟಿಗೆ ಖಾರ ಹಾಕಿ ಕಲಸಿದವರು ನಾವು. ಹುಳಿ ಮೊಸರಿಗೆ ಸೋಡ ಬೆರೆಸಿ ದಿಢೀರ್ ದೋಸೆ ಮಾಡಿದವರು. ಮೊಟ್ಟೆಯಿಲ್ಲದ ಸೇಬಿನ ಕೇಕು ಉಬ್ಬುವುದೂ ಇದೇ ಉಪಾಯದಿಂದ. ಹುಳಿ ಮತ್ತು ಕ್ಷಾರ ಎರಡನ್ನೂ ಒಣ ಪುಡಿಯಾಗಿ ಒಂದೇ ಡಬ್ಬಿಯಲ್ಲಿ ತುಂಬಿದವನು ಬರ್ಮಿಂಗ್‌ಹ್ಯಾಮಿನ ಔಷಧಿ ತಜ್ಞ ಆಲ್‌ಫ್ರೆಡ್ ಬರ್ಡ್, 1843ರಲ್ಲಿ. ಅವನ ಹೆಂಡತಿ ಎಲಿಜಬೆತ್‌ಗೆ ಯೀಸ್ಟ್ ಹಾಕಿದ ಬ್ರೆಡ್ಡೂ ಒಗ್ಗುತ್ತಿರಲಿಲ್ಲ, ಮೊಟ್ಟೆಯೂ ಒಗ್ಗುತ್ತಿರಲಿಲ್ಲ. ಬ್ರೆಡ್ಡಿಗಾಗಿ ಬೇಕಿಂಗ್ ಪೌಡರನ್ನು ಕಂಡುಹಿಡಿಯುವ ಆರು ವರ್ಷ ಮೊದಲೇ, 1837ರಲ್ಲಿ, ಆಕೆಗಾಗಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದ್ದ. ಹೆಂಡತಿಯ ಹೊಟ್ಟೆಯ ತೊಂದರೆಯನ್ನು ‘ಇದ್ದದ್ದೇ’ ಎಂದು ತಳ್ಳಿಹಾಕದ ಒಬ್ಬ ಗಂಡ ಸಿಕ್ಕಿದ್ದರಿಂದ ಲೋಕದ ಹೆಂಗಸರಿಗೆಲ್ಲ ಒಂದು ಗಂಟೆ ಉಳಿಯಿತು ಅನ್ನಿ.

ಇನ್ನು ಅಳತೆ. ಹಳೆಯ ಪುಸ್ತಕಗಳಲ್ಲಿ ಬೆಣ್ಣೆ ‘ಮೊಟ್ಟೆಯ ಗಾತ್ರ’, ಹಿಟ್ಟು ‘ಬೇಕಾದಷ್ಟು’. ನಮ್ಮ ಅಜ್ಜಿಯಂದಿರ ‘ಹದಕ್ಕೆ ತಕ್ಕಂತೆ’ ಇದ್ದ ಹಾಗೆ. ಅಮ್ಮನ ಪಕ್ಕದಲ್ಲಿ ನಿಂತು ಕಲಿತವಳಿಗೆ ಅದು ಸಾಕು. ಅಮ್ಮ ಇಲ್ಲದವಳಿಗೆ? ದೂರದೂರಿಗೆ ಮದುವೆಯಾಗಿ ಹೋದವಳಿಗೆ? ಈ ಪ್ರಶ್ನೆಗೆ ಉತ್ತರ ಕೊಟ್ಟವಳು ಬಾಸ್ಟನ್ನಿನ ಫ್ಯಾನಿ ಫಾರ್ಮರ್. ಹದಿಹರೆಯದಲ್ಲಿ ಪಾರ್ಶ್ವವಾಯು ಬಡಿದು ಓದು ನಿಂತು, ಮುಂದೆ ಕುಂಟುತ್ತಲೇ ನಡೆದು, ಅಡುಗೆ ಶಾಲೆಯಲ್ಲಿ ಕಲಿತು, ಅದಕ್ಕೇ ಮುಖ್ಯಸ್ಥೆಯಾದವಳು. ಕಪ್ಪಿಗೆ ಹಿಟ್ಟು ತುಂಬಿ ಚಾಕುವಿನಿಂದ ಮೇಲ್ಭಾಗ ಸವರಿ ಸಮ ಮಾಡಿದರೆ ಅದು ಒಂದು ಕಪ್ಪು. ಚಮಚವನ್ನೂ ಹಾಗೆಯೇ ಸಮ ಮಾಡಿದರೆ ಒಂದು ಚಮಚ ಎಂದು 1896ರ ತನ್ನ ಪುಸ್ತಕದಲ್ಲಿ ಹೇಳಿದಳು. ಪ್ರಕಾಶಕರಿಗೆ ಆ ಪುಸ್ತಕದ ಮೇಲೆ ನಂಬಿಕೆಯಿರಲಿಲ್ಲ. ಮೊದಲ ಮುದ್ರಣದ 3000 ಪ್ರತಿಗಳ ಖರ್ಚನ್ನು ಆಕೆಯೇ ಹೊರಬೇಕಾಯಿತು. ಹಕ್ಕನ್ನು ಆಕೆ ತನ್ನಲ್ಲೇ ಉಳಿಸಿಕೊಂಡಳು, ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು! ಹ್ಯಾನಾ ಗ್ಲಾಸಳ ಬಾಳಿನಲ್ಲಿ ಆಗದ್ದು ನೂರೈವತ್ತು ವರ್ಷಗಳ ನಂತರ ಫ್ಯಾನಿಯ ಬಾಳಿನಲ್ಲಿ ಆಯಿತು. ನಾನು ‘ಒಂದೂವರೆ ಕಪ್ಪು’ ಎಂದು ಮೇಲೆ ಬರೆದಾಗ ನಿಮಗೆ ಅದು ತಕ್ಷಣ ಅರ್ಥವಾಯಿತಲ್ಲ, ಆ ಋಣ ಆಕೆಯದು.

ಈಗ ಸೇಬಿಗೆ ಬರೋಣ. ಜರ್ಮನಿ, ಪೋಲೆಂಡ್, ಇಂಗ್ಲೆಂಡ್ ಹೀಗೆ ಸೇಬು ಬೆಳೆಯುವ ಚಳಿನಾಡುಗಳಲ್ಲೆಲ್ಲ ಅವರವರದೇ ಸೇಬಿನ ಕೇಕಿದೆ. ಇಂಗ್ಲೆಂಡಿನ ಡಾರ್ಸೆಟ್, ಡೆವನ್, ಸಾಮರ್‌ಸೆಟ್ ಎಂಬ ಮೂರು ಸೀಮೆಗಳವರಿಗಂತೂ ನಮ್ಮದೇ ಒಳ್ಳೆಯದು ಎಂಬ ಹೆಮ್ಮೆ, ನಮ್ಮಲ್ಲಿ ಧಾರವಾಡ ಪೇಢೆ, ಬೆಳಗಾವಿ ಕುಂದಾ ಎಂದು ಹೇಳಿಕೊಳ್ಳುವ ಹಾಗೆ. ಇದು ಸಿರಿವಂತರ ಕೇಕಲ್ಲ. ತೋಟದಲ್ಲಿ ಉದುರಿದ ಹಣ್ಣನ್ನು ಕೆಡದಂತೆ ಬಳಸುವ ಗೃಹಿಣಿಯ ಜಾಣತನ. ಸೇಬಿನಲ್ಲಿ ನೀರಿದೆ, ಸಿಹಿಯಿದೆ. ಹಾಗಾಗಿ ಬೆಣ್ಣೆ ಸಕ್ಕರೆ ತುಸು ಕಡಿಮೆಯಾದರೂ ಕೇಕು ಒಣಗುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದರ ಬೆಲೆ ತಿಳಿಯಿತು. ಬ್ರಿಟನ್ನಿನಲ್ಲಿ 1940ರ ಜನವರಿಯಲ್ಲಿ ಬೆಣ್ಣೆ, ಸಕ್ಕರೆಗೆ ರೇಷನ್ ಬಂತು. ಆಮೇಲೆ ಮೊಟ್ಟೆ ತಲೆಗೆ ವಾರಕ್ಕೊಂದು. ಮದುವೆಯ ಕೇಕಿನ ಮೇಲೆ ಸಕ್ಕರೆಯ ಅಲಂಕಾರಕ್ಕೂ ನಿಷೇಧವಾಗಿ, ರಟ್ಟಿನ ಕೇಕನ್ನು ಮೇಜಿನ ಮೇಲಿಟ್ಟು ಶಾಸ್ತ್ರ ಮುಗಿಸಿದ್ದುಂಟು. ರೇಷನ್ ಪೂರ್ತಿ ತೆಗೆದದ್ದು 1954ರಲ್ಲಿ. ಅಷ್ಟು ವರ್ಷ ಮಕ್ಕಳಿಗೆ ಒಂದಿಷ್ಟು ಸಿಹಿ ಕಾಣಿಸಲು ತಾಯಂದಿರ ಕೈಗೆ ಒದಗಿದ್ದರಲ್ಲಿ ಹಿತ್ತಲ ಸೇಬೂ ಒಂದು.

ಇಂಗ್ಲೆಂಡಿನಲ್ಲಿ ಅಡುಗೆಗೆಂದೇ ಬಳಸುವ ಹುಳಿ ಸೇಬಿನ ಹೆಸರು ‘ಬ್ರಾಮ್ಲಿ’. ಬೇಯಿಸಿದರೆ ಬೆಣ್ಣೆಯಂತೆ ಕರಗುವ ಹಣ್ಣು. ಇದರ ಕತೆಯನ್ನು ನಾನು ಮರೆಯಲಾರೆ. 1809ರಲ್ಲಿ ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್ ಎಂಬ ಊರಿನಲ್ಲಿ ಮೇರಿ ಆನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಒಂದು ಸೇಬಿನ ಬೀಜಗಳನ್ನು ನೆಟ್ಟಳು. ಸಸಿ ಎದ್ದಿತು, ಹಿತ್ತಲಲ್ಲಿ ನೆಲೆ ಕಂಡಿತು. ಹುಡುಗಿ ಮದುವೆಯಾಗಿ ಹೊರಟುಹೋದಳು. 1846ರಲ್ಲಿ ಆ ಮನೆಯನ್ನು ಮ್ಯಾಥ್ಯೂ ಬ್ರಾಮ್ಲಿ ಎಂಬ ಮಾಂಸದ ವ್ಯಾಪಾರಿ ಕೊಂಡ. ಹತ್ತು ವರ್ಷದ ನಂತರ ಹೆನ್ರಿ ಮೆರಿವೆದರ್ ಎಂಬ ಹದಿಹರೆಯದ ಹುಡುಗ, ಸಸಿ ಮಾರುವ ಮನೆತನದವನು, ಆ ಹಣ್ಣನ್ನು ಕಂಡು, ಮರದ ಕಡ್ಡಿಗಳನ್ನು ಕಸಿಗೆ ಕೇಳಿದ. ಬ್ರಾಮ್ಲಿ ಒಪ್ಪಿದ, ಒಂದು ಷರತ್ತಿನ ಮೇಲೆ: ಹಣ್ಣಿಗೆ ತನ್ನ ಹೆಸರಿಡಬೇಕು!

ಸೇಬಿನ ಸ್ವಭಾವವೊಂದನ್ನು ಇಲ್ಲಿ ಹೇಳಬೇಕು. ಬೀಜದಿಂದ ಹುಟ್ಟಿದ ಸೇಬಿನ ಗಿಡ ತಾಯಿಯಂತಿರುವುದಿಲ್ಲ. ಒಂದೊಂದು ಬೀಜವೂ ಬೇರೆಯೇ ಮರ. ಅದೇ ಹಣ್ಣು ಬೇಕಾದರೆ ಕಸಿಯೇ ಗತಿ. ಆದ್ದರಿಂದ ಲೋಕದಲ್ಲಿರುವ ಬ್ರಾಮ್ಲಿ ಮರಗಳೆಲ್ಲ ಮೇರಿ ಆನ್ ಹುಗಿದ ಆ ಒಂದೇ ಬೀಜದ ಕೊಂಬೆಗಳು. 1862ರಲ್ಲಿ ಆ ಹಣ್ಣಿನ ಮಾರಾಟ ಲೆಕ್ಕದ ಪುಸ್ತಕಕ್ಕೆ ಸೇರಿತು. ಆ ಹೊತ್ತಿಗೆ ಮೇರಿ ಆನ್ ತೀರಿಕೊಂಡು ಹತ್ತು ವರ್ಷವಾಗಿತ್ತು. ತಾನು ನೆಟ್ಟದ್ದು ಏನಾಯಿತೆಂದು ಆಕೆಗೆ ಕೊನೆಗೂ ಗೊತ್ತಾಗಲಿಲ್ಲ. ತಾಯಿಮರಕ್ಕೆ ಶಿಲೀಂಧ್ರದ ರೋಗ ತಗುಲಿ ಸಾಯುತ್ತಿದೆಯೆಂದು 2016ರಲ್ಲಿ ವರದಿಯಾದಾಗ ಎಷ್ಟೋ ಜನ ಮರುಗಿದರು. ಮರಕ್ಕಾಗಿಯಾದರೂ ಆಕೆಯ ಹೆಸರು ಮತ್ತೊಮ್ಮೆ ಪತ್ರಿಕೆಗಳಲ್ಲಿ ಬಂತು.

‘ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು’ ಎನ್ನುತ್ತೇವೆ ನಾವು. ಇಲ್ಲಿ ಬಡಿಸಿದವನೂ ಅಲ್ಲ, ಎಲೆ ಹಾಸಿದ ಜಾಗದ ಯಜಮಾನ! ಬ್ರಾಮ್ಲಿ ಕೆಟ್ಟವನೇನಲ್ಲ, ತನ್ನ ಹಿತ್ತಲ ಮರ ತನ್ನದೆಂದುಕೊಂಡ, ಅಷ್ಟೆ. ಹೆಣ್ಣುಮಕ್ಕಳು ನೆಟ್ಟು ಬಿಟ್ಟುಹೋದ ಹಿತ್ತಲುಗಳು ನಮ್ಮ ತವರುಗಳಲ್ಲೂ ಇವೆಯಲ್ಲ. ನಾವು ಹಾಕಿದ ಕರಿಬೇವಿನ ಗಿಡವನ್ನು ಮುಂದೆ ಯಾರ ಹೆಸರಿನಿಂದ ಕರೆಯುತ್ತಾರೋ ಯಾರು ಬಲ್ಲರು?

ಹೆಸರು ದಕ್ಕಿದ ಅಜ್ಜಿಯೂ ಒಬ್ಬಳಿದ್ದಾಳೆ ಎಂಬುದೇ ಸಮಾಧಾನ. ಅಂಗಡಿಗಳಲ್ಲಿ ಈಗ ಕಾಣುವ ಹಸಿರು ‘ಗ್ರ್ಯಾನಿ ಸ್ಮಿತ್’ ಸೇಬಿನ ಅಜ್ಜಿ ಕಟ್ಟುಕತೆಯವಳಲ್ಲ. ಇಂಗ್ಲೆಂಡಿನ ಸಸೆಕ್ಸಿನಿಂದ ಗಂಡ ಮಕ್ಕಳೊಡನೆ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದ ಮರಿಯಾ ಆನ್ ಸ್ಮಿತ್ ಎಂಬ ರೈತ ಹೆಂಗಸು. ಸಿಡ್ನಿಯ ಹತ್ತಿರದ ಆಕೆಯ ತೋಟದಲ್ಲಿ, ಎಸೆದ ಹಣ್ಣಿನ ಬೀಜ ತಾನಾಗಿ ಮೊಳೆತು ಈ ಸೇಬಾಯಿತು ಎನ್ನುತ್ತಾರೆ. 1868ರಲ್ಲಿ ಆಕೆ ಅದನ್ನು ಪಕ್ಕದ ಬೆಳೆಗಾರರಿಗೆ ತೋರಿಸಿದಳು, 1870ರಲ್ಲಿ ತೀರಿಕೊಂಡಳು. ಹಣ್ಣು ಊರೂರಿಗೆ ಹಬ್ಬಿದ್ದನ್ನು ಆಕೆಯೂ ನೋಡಲಿಲ್ಲ. ಆದರೆ ನೆರೆಹೊರೆಯವರು ಆಕೆಯ ಹೆಸರನ್ನು ಮರೆಯಲಿಲ್ಲ.

ನಮ್ಮ ದೇಶದ ಸೇಬಿಗೂ ಒಬ್ಬ ತಾಯಿಯ ಕತೆಯಿದೆ. ಫಿಲಡೆಲ್ಫಿಯಾದಿಂದ 1904ರಲ್ಲಿ ಭಾರತಕ್ಕೆ ಬಂದ ಸ್ಯಾಮ್ಯುಯೆಲ್ ಸ್ಟೋಕ್ಸ್ ಶಿಮ್ಲಾ ಬೆಟ್ಟಗಳ ಕೋಟ್‌ಗಢದಲ್ಲಿ ನೆಲೆನಿಂತು, ಅಲ್ಲಿಯ ಆಗ್ನೆಸ್ ಎಂಬ ಹುಡುಗಿಯನ್ನು ಮದುವೆಯಾಗಿ, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೂ ಹೋದವರು, ಮುಂದೆ ಸತ್ಯಾನಂದರಾದವರು. 1916ರಲ್ಲಿ ಅವರು ಅಮೆರಿಕದ ‘ರೆಡ್ ಡಿಲಿಷಸ್’ ಸಸಿಗಳನ್ನು ಅಲ್ಲಿ ನೆಟ್ಟರು. 1921ರಲ್ಲಿ ಅವರ ತಾಯಿ ಮಗನಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಕಳಿಸಿದ್ದು ಬಟ್ಟೆಯಲ್ಲ, ಗಡಿಯಾರವಲ್ಲ, ‘ಗೋಲ್ಡನ್ ಡಿಲಿಷಸ್’ ಸೇಬಿನ ಸಸಿಗಳು. ಇಂಗ್ಲಿಷರು ಅದಕ್ಕೂ ಮೊದಲೇ ಕುಲುವಿನಲ್ಲಿ ಸೇಬು ಬೆಳೆದಿದ್ದರು, ಆದರೆ ಅವು ಹುಳಿ ಬೆರೆತವು. ನಮ್ಮವರ ನಾಲಿಗೆಗೆ ಹಿಡಿಸಿದ್ದು ಈ ಸಿಹಿ ಜಾತಿಗಳು. ಇಂಗ್ಲಿಷ್ ಪುಸ್ತಕ ನೋಡಿ ಮಾಡಿದ ಕೇಕು ನಮ್ಮ ಸೇಬಿನಲ್ಲಿ ಸಪ್ಪೆ ಎನಿಸುವುದು ಇದರಿಂದಲೇ. ಅಲ್ಲಿಯ ಹುಳಿ ಇಲ್ಲಿಲ್ಲ. ಅರ್ಧ ನಿಂಬೆಹಣ್ಣು ಹಿಂಡಿರೆಂದು ನಾನು ಹೇಳಿದ್ದು ಬಣ್ಣ ಕೆಡದಿರಲಿ ಎಂದಷ್ಟೇ ಅಲ್ಲ, ರುಚಿಗೂ ಅದು ಬೇಕು.

ನಮ್ಮ ಸಣ್ಣ ಊರುಗಳಲ್ಲಿ ಒಂದು ಕಾಲಕ್ಕೆ ಸೇಬೆಂದರೆ ರೋಗಿಗಳ ಹಣ್ಣು. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಬ್ರೆಡ್ಡಿನ ಜೊತೆ ಒಯ್ಯುತ್ತಿದ್ದದ್ದು. ಎಳೆಯ ಮಕ್ಕಳಿಗೆ ಬೇಯಿಸಿ ತಿನ್ನಿಸುತ್ತಿದ್ದದ್ದು. ಅದನ್ನು ಹೆಚ್ಚಿ ಕೇಕಿಗೆ ಹಾಕುವುದೆಂದರೆ ದುಂದು. ಇನ್ನು ಕೇಕು ಬೇಕರಿಯ ಮಾತು, ಬೇಕರಿ ಗಂಡಸರ ಮಾತು. 1883ರಲ್ಲಿ ತಲಶ್ಶೇರಿಯ ಮಾಂಬಳ್ಳಿ ಬಾಪು ಅಲ್ಲಿನ ಯುರೋಪಿಯನ್ ತೋಟಗಾರನಿಗೆ ಕ್ರಿಸ್‌ಮಸ್ ಕೇಕು ಮಾಡಿಕೊಟ್ಟದ್ದು, 1898ರಲ್ಲಿ ಹಾಸನದ ಕಡೆಯ ಅಯ್ಯಂಗಾರರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದದ್ದು ಎಲ್ಲರಿಗೂ ಗೊತ್ತಿರುವ ಚರಿತ್ರೆ. ಆದರೆ ಬೇಕರಿಯಿಂದ ಕೇಕನ್ನು ಮನೆಯ ಅಡುಗೆಕಟ್ಟೆಗೆ ಇಳಿಸಿದವರ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ. ಪ್ರೆಷರ್ ಕುಕ್ಕರಿನ ತಳಕ್ಕೆ ತೊಳೆದು ಒಣಗಿಸಿದ ಮರಳು ಹಾಸಿ, ರಬ್ಬರ್ ಬಳೆಯನ್ನೂ ವೆಯ್ಟನ್ನೂ ತೆಗೆದು, ಸಣ್ಣ ಉರಿಯಲ್ಲಿ ಕೇಕು ಬೇಯಿಸಬಹುದು ಎಂದು ಮೊದಲು ಯೋಚಿಸಿದವಳು ಯಾರು? ಮುಚ್ಚಳದಲ್ಲಿ ಗಾಜಿನ ಕಿಂಡಿಯಿದ್ದ ದುಂಡನೆಯ ಅಲ್ಯೂಮಿನಿಯಂ ಓವನ್ ಬಂದಾಗ ಇಡೀ ಬೀದಿಯ ಹೆಂಗಸರಿಗೆ ಪಾಠ ಹೇಳಿದವಳು ಯಾರು? ಬೀದಿಗೊಬ್ಬಳು ಇದ್ದೇ ಇದ್ದಳು.

ಅಂಥವರ ಸುಳಿವು ಸಿಗುವುದು ಒಂದೇ ಕಡೆ, ನಮ್ಮ ಅಡುಗೆ ನೋಟ್‌ಬುಕ್ಕುಗಳಲ್ಲಿ. ನಮ್ಮತ್ತೆಯ ನೋಟ್‌ಬುಕ್ಕಿನಲ್ಲಿ ಕೇಕಿಗೆ ‘ಸೇಬಿನ ಕೇಕು’ ಎಂಬ ಹೆಸರಿಲ್ಲ, ‘ಓವರ್‌ಸಿಯರ್ ಹೆಂಡತಿ ಕೇಕು’ ಎಂದಿದೆ. ಹಾಗೆಯೇ ‘ಪೋಸ್ಟ್‌ಮಾಸ್ಟರ್ ಮನೆಯವರ ಕೋಡುಬಳೆ’, ‘ಡಾಕ್ಟರಮ್ಮನ ನಿಂಬೆ ಉಪ್ಪಿನಕಾಯಿ’. ಕೊಟ್ಟವರನ್ನು ನೆನೆಯುವ ಮನಸ್ಸು ಇದೆ. ನೆನೆಯುವುದು ಮಾತ್ರ ಗಂಡನ ನೌಕರಿಯ ಹೆಸರಿನಲ್ಲಿ. ಒಂದು ಮಧ್ಯಾಹ್ನ ಊಟವಾದ ಮೇಲೆ ಅತ್ತೆಯ ಪಕ್ಕ ಕುಳಿತು ಒಂದೊಂದೇ ಪುಟ ತಿರುವಿ, “ಇವರ ಸ್ವಂತ ಹೆಸರೇನಮ್ಮ?” ಎಂದು ಕೇಳುತ್ತ ಹೋದೆ. ಅತ್ತೆಗೆ ಆಗ ಎಂಬತ್ತು ದಾಟಿತ್ತು. ಕನ್ನಡಕ ಒರೆಸಿಕೊಂಡು, ಒಬ್ಬೊಬ್ಬರ ಮುಖ, ಸೀರೆ, ವರ್ಗವಾಗಿ ಹೋದ ಊರು ಎಲ್ಲ ಹೇಳಿ, ಹೆಸರಿನ ಹತ್ತಿರ ತಡವರಿಸುತ್ತಿದ್ದರು. ಆದರೂ ಹನ್ನೊಂದು ಹೆಸರು ಸಿಕ್ಕವು. ಅವನ್ನು ಪೆನ್ಸಿಲಿನಲ್ಲಿ ಪಕ್ಕದಲ್ಲೇ ಬರೆದೆ. “ಪೆನ್ಸಿಲು ಯಾಕೆ, ಅಳಿಸಿಹೋಗುತ್ತೆ, ಇಂಕಿನಲ್ಲಿ ಬರಿಯಮ್ಮ” ಎಂದರು ಅತ್ತೆ. ಇಂಕಿನಲ್ಲೇ ತಿದ್ದಿದೆ.

ಈಗ ನನ್ನ ಸೊಸೆ ದೂರದ ಊರಿನಿಂದ ಫೋನಿನಲ್ಲಿ ಅಡುಗೆ ಕೇಳುತ್ತಾಳೆ. ಅವಳಿಗೆ ನೋಟ್‌ಬುಕ್ಕಿಲ್ಲ, ಎಲ್ಲ ಫೋನಿನಲ್ಲೇ ಬರೆದುಕೊಳ್ಳುತ್ತಾಳೆ. ಮೊನ್ನೆ ಸೇಬಿನ ಕೇಕು ಹೇಳಿಕೊಟ್ಟೆ. ಅಳತೆಯೆಲ್ಲ ಮುಗಿದ ಮೇಲೆ, “ಸುಲಭವಾಗಿದೆ ಅತ್ತೆ” ಎಂದಳು. ಹೌದಮ್ಮ, ಸುಲಭವೇ, ಮೇಲುಗಡೆ ಇದು ಯಾರು ಹೇಳಿಕೊಟ್ಟದ್ದು ಎಂದೂ ಬರೆದುಕೋ ಎಂದು ಓವರ್‌ಸಿಯರ್ ಹೆಂಡತಿಯ ಸ್ವಂತ ಹೆಸರನ್ನು ಹೇಳಿದೆ. “ಒಂದು ನಿಮಿಷ ತಾಳಿ” ಎಂದು ಅವಳು ಅಕ್ಷರ ಅಕ್ಷರ ಕೇಳಿ ಬರೆದುಕೊಂಡಳು.